ಹೂವಿನ ತುಂಬ ಹುಳ, ಆದರೂ ಹೀಚು ಉದುರುತ್ತಿದೆ: ಬಂದವರೆಲ್ಲ ಪರಾಗಸ್ಪರ್ಶ ಮಾಡುತ್ತಾರಾ?

ಹಿತ್ತಿಲಗಿಡ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು.

ನನ್ನ ಕುಂಬಳದ ಬಳ್ಳಿ ಸೊಂಪಾಗಿ ಹಬ್ಬಿದೆ. ದಿನಾ ಬೆಳಿಗ್ಗೆ ಹತ್ತು ಹನ್ನೆರಡು ಹೂ ಅರಳುತ್ತವೆ. ಬಗ್ಗಿ ನೋಡಿದರೆ ಒಳಗೆ ಹುಳವೋ ಹುಳ. ಪುಟ್ಟ ಕಪ್ಪು ಜೇನು, ಇರುವೆ, ಹೊಳೆಯುವ ಸಣ್ಣ ಜೀರುಂಡೆ, ಒಂದೆರಡು ನೊಣ. ನಿನ್ನೆ ಎಂಟೂವರೆಗೆ ಹೋಗಿ ಕೂತು ಅರ್ಧ ಗಂಟೆ ಎಣಿಸಿದೆ. ಎಣಿಕೆ ನಲವತ್ತು ದಾಟಿತು.

ಆದರೂ ಕಾಯಿ ಕಚ್ಚುತ್ತಿಲ್ಲ. ಹೆಣ್ಣು ಹೂವಿನ ಬುಡದಲ್ಲಿರುವ ಹೀಚು ನಾಲ್ಕೈದು ದಿನಕ್ಕೆ ಹಳದಿ ತಿರುಗಿ ಉದುರಿ ಹೋಗುತ್ತದೆ. ಇಷ್ಟು ಹುಳ ಬಂದ ಮೇಲೂ ಪರಾಗಸ್ಪರ್ಶ ಆಗಿಲ್ಲ ಅನ್ನುವುದು ಹೇಗೆ? ಗೊಬ್ಬರದ ಕೊರತೆ ಇರಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಜೇನುಪೆಟ್ಟಿಗೆ

ಹೀಚು ಉದುರಲು ಹಲವು ಕಾರಣ ಇರುತ್ತವೆ. ನೀರು ಹೆಚ್ಚುಕಡಿಮೆ ಆದರೂ ಉದುರುತ್ತದೆ, ಬಿಸಿಲು ಜಾಸ್ತಿ ಆದರೂ ಉದುರುತ್ತದೆ. ಬಳ್ಳಿಯ ಮೇಲೆ ಆಗಲೇ ಎರಡು ಮೂರು ಕಾಯಿ ಬಲಿಯುತ್ತಿದ್ದರೆ ಹೊಸ ಹೀಚನ್ನು ಬಳ್ಳಿಯೇ ಬಿಟ್ಟುಕೊಡುತ್ತದೆ. ಆದರೆ ನಿಮ್ಮಲ್ಲಿ ಒಂದೂ ಕಚ್ಚಿಲ್ಲ ಅಂದರೆ ನನಗೆ ಪರಾಗದ ಮೇಲೇ ಅನುಮಾನ.

ಹತ್ತಿರದಲ್ಲಿ ಒಂದು ಜೇನುಪೆಟ್ಟಿಗೆ ಇಟ್ಟು ನೋಡಿ. ನಾನು ಹದಿನೈದು ವರ್ಷದಿಂದ ಜೇನು ಸಾಕುತ್ತಿದ್ದೇನೆ. ಪೆಟ್ಟಿಗೆ ಬಂದ ಮೇಲೆ ಸುತ್ತಲಿನ ಗಿಡಗಳಲ್ಲಿ ಕಾಯಿ ಹೆಚ್ಚಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಸೂಕ್ಷ್ಮನೋಟ

ಹಿತ್ತಿಲಗಿಡ ಅವರೇ, ನಿಮ್ಮ ಪ್ರಶ್ನೆ ನನ್ನ ಕೆಲಸದ ನಡುಮನೆಗೇ ಬಂದಂತಾಯಿತು. ಹೂವು ಮತ್ತು ಹುಳಗಳ ಕ್ಷೇತ್ರ ಅಧ್ಯಯನ ನನ್ನ ಕಸುಬು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲಿಗೆ ಒಂದು ಪ್ರಶ್ನೆ. ನೀವು ಎಣಿಸಿದ ನಲವತ್ತು ಭೇಟಿಗಳಲ್ಲಿ ಗಂಡು ಹೂವಿಗೆ ಎಷ್ಟು, ಹೆಣ್ಣು ಹೂವಿಗೆ ಎಷ್ಟು?

ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಗಂಡು ಹೂವಿನಲ್ಲಿ ಪರಾಗವೂ ಇದೆ, ಮಕರಂದವೂ ಇದೆ. ಹೆಣ್ಣು ಹೂವಿನಲ್ಲಿ ಮಕರಂದ ಮಾತ್ರ. ಹಾಗಾದರೆ ಮರಿಗಳಿಗೆ ಮೇವು ಬೇಕು ಎಂದು ಬರೀ ಪರಾಗ ಹುಡುಕಿ ಬಂದ ಜೇನಿಗೆ ಹೆಣ್ಣು ಹೂವಿನಲ್ಲಿ ಏನು ಕೆಲಸ? ಅದು ಗಂಡು ಹೂವಿನಿಂದ ಗಂಡು ಹೂವಿಗೆ ಹೋಗುತ್ತದೆ, ಕಾಲಿಗೆ ಪರಾಗ ಮೆತ್ತಿಕೊಂಡು ಗೂಡಿಗೆ ಹಾರುತ್ತದೆ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಅದು ಹತ್ತು ಭೇಟಿ. ಬಳ್ಳಿಯ ಲೆಕ್ಕದಲ್ಲಿ ಸೊನ್ನೆ.

ನಮ್ಮ ಕ್ಷೇತ್ರದಲ್ಲಿ ಈ ತಪ್ಪು ಬಹಳ ವರ್ಷ ನಡೆಯಿತು. ಹೂವಿನ ಮುಂದೆ ಕೂತು ಬಂದವರನ್ನು ಎಣಿಸುವುದು ಸುಲಭ. ಪರಾಗ ಶಲಾಕೆಯ, ಅಂದರೆ ಹೂವಿನ ನಡುವೆ ಪರಾಗ ಸೇರಬೇಕಾದ ಹೆಣ್ಣು ಭಾಗದ, ತುದಿಗೆ ನಿಜವಾಗಿ ಬಿತ್ತಾ ಎಂದು ನೋಡುವುದು ಕಷ್ಟ. ಹಾಗಾಗಿ ಎಷ್ಟೋ ಅಧ್ಯಯನಗಳು ಭೇಟಿಯ ಸಂಖ್ಯೆಯನ್ನೇ ಪರಾಗಸ್ಪರ್ಶ ಎಂದು ಬರೆದುಕೊಂಡವು. 2013ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಕಿಂಗ್, ಬ್ಯಾಲಂಟೈನ್ ಮತ್ತು ವಿಲ್ಮರ್ ಅವರು ಇದನ್ನು ನೇರವಾಗಿಯೇ ಪ್ರಶ್ನಿಸಿದರು. ಯಾರೂ ಮುಟ್ಟದ ಹೂವಿಗೆ ಒಂದೇ ಒಂದು ಹುಳ ಒಂದೇ ಸಲ ಬಂದು ಹೋಗಲು ಬಿಟ್ಟರು. ಆಮೇಲೆ ಆ ಹೂವಿನ ಶಲಾಕೆಯ ತುದಿಯನ್ನು ತೆಗೆದು, ಅಲ್ಲಿ ಪರಾಗದ ಕಣ ಎಷ್ಟಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಪದೇ ಪದೇ ಬರುವ ಕೆಲವು ಹುಳಗಳು ಏನನ್ನೂ ಬಿಟ್ಟುಹೋಗಿರಲಿಲ್ಲ. ಭೇಟಿಯ ಎಣಿಕೆ ಒಳ್ಳೆಯ ಅಳತೆಗೋಲಲ್ಲ ಎಂದು ಅವರು ಖಚಿತವಾಗಿ ಬರೆದರು.

ಹುಳದ ಮೈಗೆ ಪರಾಗ ಹತ್ತಬೇಕು. ಅದು ಅದೇ ಜಾತಿಯ ಇನ್ನೊಂದು ಹೂವಿಗೆ ಹೋಗಬೇಕು. ಮೈಯ ಅದೇ ಭಾಗ ಶಲಾಕೆಯ ತುದಿಗೆ ತಾಗಬೇಕು. ಇಷ್ಟೂ ಆಗುವಾಗ ಪರಾಗಕ್ಕೆ ಜೀವ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಹೀಚು ಉದುರುತ್ತದೆ. ಕುಂಬಳದ ಪರಾಗ ದಪ್ಪ, ಅಂಟು, ಮುಳ್ಳುಮುಳ್ಳು. ಗಾಳಿಗೆ ಹಾರುವ ಮಾತೇ ಇಲ್ಲ. ಹೂವಿನ ಆಯಸ್ಸು ಒಂದು ಬೆಳಗು. ಬೆಳಕು ಹರಿಯುವಾಗ ಅರಳಿದ್ದು ಮಧ್ಯಾಹ್ನದ ಹೊತ್ತಿಗೆ ಮುದುಡಿರುತ್ತದೆ. ನೀವು ಎಂಟೂವರೆಗೆ ಹೋದಾಗ ಮುಖ್ಯವಾದ ಆಟ ಮುಗಿದಿರಬಹುದು.

ಹಿತ್ತಿಲಗಿಡ

ಗಂಡು ಹೆಣ್ಣು ಬೇರೆ ಮಾಡಿ ಎಣಿಸಲೇ ಇಲ್ಲ! ಎಲ್ಲಾ ಒಟ್ಟಿಗೆ ಬರೆದುಬಿಟ್ಟೆ. ನಾಳೆ ಆರು ಗಂಟೆಗೇ ಎದ್ದು ನೋಡುತ್ತೇನೆ.

ಇನ್ನೊಂದು ಸಂಶಯ. ಇರುವೆಗಳೂ ಹೂವಿನ ಒಳಗೆ ಓಡಾಡುತ್ತವೆ. ಅವು ಪರಾಗ ಸಾಗಿಸಲ್ವಾ?

ಸೂಕ್ಷ್ಮನೋಟ

ಕೆಲವು ಗಿಡಗಳಲ್ಲಿ ಸಾಗಿಸುತ್ತವೆ, ಆದರೆ ಅಂಥ ಗಿಡಗಳು ಕಡಿಮೆ. ಇರುವೆಯ ಮೈ ನುಣುಪು, ಪರಾಗ ನಿಲ್ಲುವುದಿಲ್ಲ. ಹಲವು ಜಾತಿಯ ಇರುವೆಗಳು ಮೈಮೇಲೆ ಸೋಂಕು ತಡೆಯುವ ದ್ರವ ಸ್ರವಿಸುತ್ತವೆ, ಅದು ಪರಾಗದ ಜೀವವನ್ನೂ ಕುಂದಿಸುತ್ತದೆ. ಮೇಲಾಗಿ ನಡೆದೇ ಹೋಗಬೇಕು. ಕುಂಬಳದ ಹೂವಿನ ಇರುವೆ ಮಕರಂದಕ್ಕೆ ಬಂದ ನೆಂಟ, ಅಷ್ಟೇ.

ಬೆಳಗಿನಮಂಜು

ಈ ಚರ್ಚೆ ಓದುತ್ತಾ ನನಗೆ ಸ್ಪ್ರೆಂಗೆಲ್ ನೆನಪಾದರು. ಕ್ರಿಸ್ಟಿಯಾನ್ ಕಾನ್ರಾಡ್ ಸ್ಪ್ರೆಂಗೆಲ್, ಜರ್ಮನಿಯ ಸ್ಪಾಂಡೌ ಊರಿನ ಶಾಲೆಯ ಮುಖ್ಯಸ್ಥರಾಗಿದ್ದವರು. 1787ರಲ್ಲಿ ಕಾಡು ಜೆರೇನಿಯಂ ಹೂವಿನ ಎಸಳಿನ ಬುಡದಲ್ಲಿ ಸಣ್ಣ ಕೂದಲುಗಳನ್ನು ಕಂಡರು. ಇಷ್ಟು ಚಿಕ್ಕ ಕೂದಲು ಯಾಕೆ ಎಂದು ಯೋಚಿಸಿದರು. ಮಳೆ ಹನಿ ಮಕರಂದಕ್ಕೆ ಬೀಳದಂತೆ ತಡೆಯಲು ಎಂದು ಹೊಳೆಯಿತು. ಹಾಗಾದರೆ ಮಕರಂದ ಯಾರಿಗೆ? ಕೀಟಗಳಿಗೆ. ಕೀಟಗಳಿಗೆ ಯಾಕೆ? ಅಲ್ಲಿಂದ ಎಳೆ ಹಿಡಿದು ಹೊರಟರು. ನಾನೂರಕ್ಕೂ ಹೆಚ್ಚು ಜಾತಿಯ ಹೂಗಳ ಮುಂದೆ ಕೂತು ನೋಡಿ 1793ರಲ್ಲಿ ಪುಸ್ತಕ ತಂದರು. ಎಸಳಿನ ಮೇಲಿನ ಗೆರೆ, ಚುಕ್ಕೆಗಳು ಮಕರಂದದ ದಾರಿ ತೋರಿಸುವ ಗುರುತುಗಳು ಎಂದು ಬರೆದರು.

ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1841ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಹೇಳಿದ ಮೇಲೆ ಡಾರ್ವಿನ್ ಆ ಪುಸ್ತಕ ಓದಿ ಮೆಚ್ಚಿದರು. ಅಷ್ಟರಲ್ಲಿ ಸ್ಪ್ರೆಂಗೆಲ್ ತೀರಿಕೊಂಡು 25 ವರ್ಷ ಆಗಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಹಿತ್ತಿಲಗಿಡ ಅವರೇ, ನೀವು ಮಾಡುತ್ತಿರುವುದೂ ಅದೇ ಕೆಲಸ. ಹೂವಿನ ಮುಂದೆ ಕೂರುವುದು. ಬಿಡಬೇಡಿ.

ಸೂಕ್ಷ್ಮನೋಟ

ಎಣಿಕೆಯ ಜೊತೆಗೆ ಒಂದು ಸಣ್ಣ ಪ್ರಯೋಗ ಮಾಡಿ. ಗೊಬ್ಬರದ ಕೊರತೆಯೋ ಪರಾಗದ ಕೊರತೆಯೋ ಎನ್ನುವುದು ಅದರಲ್ಲೇ ಬಯಲಾಗುತ್ತದೆ. ವಿಜ್ಞಾನಿಗಳು ಮಾಡುವುದೂ ಇದನ್ನೇ.

ಮಾರನೇ ದಿನ ಅರಳುವ ಹೆಣ್ಣು ಮೊಗ್ಗು ಹಿಂದಿನ ಸಂಜೆಯೇ ಗೊತ್ತಾಗುತ್ತದೆ. ತುದಿ ಹಳದಿ ಬಂದಿರುತ್ತದೆ, ಬುಡದಲ್ಲಿ ಪುಟ್ಟ ಹೀಚು ಇರುತ್ತದೆ. ಕೆಲವು ಮೊಗ್ಗುಗಳಿಗೆ ತೆಳು ಬಲೆಬಟ್ಟೆಯ ಚೀಲ ಕಟ್ಟಿ, ಹೂ ಮುದುಡುವ ತನಕ ಬಿಚ್ಚಬೇಡಿ. ಇನ್ನು ಕೆಲವನ್ನು ಹಾಗೇ ಬಿಡಿ. ಮತ್ತೆ ಕೆಲವಕ್ಕೆ ನೀವೇ ಬೆಳಿಗ್ಗೆ ಬೇಗ ಹೋಗಿ, ಆಗಷ್ಟೇ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ತೆಗೆದು, ಅದರ ಕೇಸರವನ್ನು ಹೆಣ್ಣು ಹೂವಿನ ಶಲಾಕೆಯ ಎಲ್ಲಾ ಹಾಲೆಗಳಿಗೂ ಸವರಿ. ಬೇರೆ ಬೇರೆ ಬಣ್ಣದ ದಾರ ಕಟ್ಟಿಟ್ಟರೆ ಆಮೇಲೆ ಗೊಂದಲ ಆಗುವುದಿಲ್ಲ.

ಕೈಯಿಂದ ಪರಾಗ ಕೊಟ್ಟ ಹೂಗಳೂ ಉದುರಿದರೆ ತೊಂದರೆ ಮಣ್ಣಿನಲ್ಲೋ ನೀರಿನಲ್ಲೋ ಇದೆ. ಅವು ಕಚ್ಚಿ, ಹಾಗೇ ಬಿಟ್ಟವು ಉದುರಿದರೆ ನಿಮ್ಮಲ್ಲಿ ಪರಾಗ ತಲುಪಿಸುವವರೇ ಕಡಿಮೆ. ಮೂರೂ ಗುಂಪನ್ನು ಒಂದೇ ದಿನ ಮಾಡಲು ಆಗದಿದ್ದರೆ ಬೇಡ. ಪ್ರತಿ ಗುಂಪಿನಲ್ಲೂ ಬೇರೆ ಬೇರೆ ದಿನದ ಹೂಗಳು ಬೆರೆತಿರಲಿ.

ಜೇನುಪೆಟ್ಟಿಗೆ

ಪ್ರಯೋಗ ಚೆನ್ನಾಗಿದೆ. ಆದರೆ ಸಾಕುಜೇನಿನ ಪರವಾಗಿ ನಾಲ್ಕು ಮಾತು ಹೇಳಲೇಬೇಕು.

ಒಂದು ಜೇನು ಒಂದು ಓಡಾಟದಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಅಂಟಿಕೊಂಡಿರುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಅರಿಸ್ಟಾಟಲ್ ಇದನ್ನು ಗಮನಿಸಿದ್ದರು. ಗಿಡಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಬದನೆಯ ಪರಾಗ ಕುಂಬಳಕ್ಕೆ ಬಿದ್ದು ಏನು ಪ್ರಯೋಜನ? ಇನ್ನು ಒಳ್ಳೆಯ ಹೂವಿನ ತಾಣ ಸಿಕ್ಕಿದ ಜೇನು ಗೂಡಿಗೆ ಬಂದು ಕುಣಿದು ತೋರಿಸುತ್ತದೆ. ಕುಣಿತದ ಕೋನ ಸೂರ್ಯನಿಂದ ಯಾವ ದಿಕ್ಕು ಎಂದು ಹೇಳುತ್ತದೆ, ಮೈ ಅಲ್ಲಾಡಿಸುತ್ತಾ ಓಡುವ ಹೊತ್ತು ಎಷ್ಟು ದೂರ ಎಂದು ಹೇಳುತ್ತದೆ. ಇದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು.

ಅದೇ ಫಾನ್ ಫ್ರಿಶ್ ಅವರ ಇನ್ನೊಂದು ಕೆಲಸ ನನಗೆ ಇನ್ನೂ ಇಷ್ಟ. ಜೇನಿಗೆ ಬಣ್ಣವೇ ಕಾಣುವುದಿಲ್ಲ ಎಂದು ಆಗ ದೊಡ್ಡ ವಿಜ್ಞಾನಿಯೊಬ್ಬರು ವಾದಿಸುತ್ತಿದ್ದರು. ಇವರು ಒಂದು ನೀಲಿ ಕಾರ್ಡಿನ ಮೇಲೆ ಸಕ್ಕರೆ ನೀರು ಇಟ್ಟು ಜೇನಿಗೆ ಅಭ್ಯಾಸ ಮಾಡಿಸಿದರು. ಆಮೇಲೆ ತಿಳಿಬೂದಿಯಿಂದ ಕಡುಬೂದಿಯವರೆಗೆ ಹಲವು ಬಗೆಯ ಕಾರ್ಡುಗಳ ನಡುವೆ ಆ ನೀಲಿಯನ್ನು ಇಟ್ಟರು, ಸಕ್ಕರೆ ನೀರು ಇಲ್ಲದೆ. ಬಣ್ಣ ಕಾಣದ ಕಣ್ಣಿಗೆ ಯಾವುದೋ ಒಂದು ಬೂದಿ ನೀಲಿಯಂತೆಯೇ ಕಾಣಬೇಕಿತ್ತು. ಜೇನುಗಳು ನೇರವಾಗಿ ನೀಲಿಗೇ ಬಂದವು. ಒಂದಿಷ್ಟು ರಟ್ಟಿನ ತುಂಡಿನಲ್ಲಿ ವಾದ ಮುಗಿಯಿತು!

ಸೂಕ್ಷ್ಮನೋಟ

ನೀವು ಹೇಳಿದ್ದೆಲ್ಲ ನಿಜ. ಸಾಕುಜೇನನ್ನು ನಾನು ಕೀಳು ಮಾಡುತ್ತಿಲ್ಲ. ಆದರೆ ಪೆಟ್ಟಿಗೆ ಇಟ್ಟರೆ ಎಲ್ಲಾ ಸರಿಹೋಗುತ್ತದೆ ಎನ್ನುವ ನಂಬಿಕೆ ಪೂರ್ತಿ ನಿಲ್ಲುವುದಿಲ್ಲ.

ಒಂದು, ಸಾಕುಜೇನು ಪರಾಗವನ್ನು ಮಕರಂದದಲ್ಲಿ ಕಲಸಿ ಹಿಂಗಾಲಿನ ಬುಟ್ಟಿಯಲ್ಲಿ ಉಂಡೆ ಕಟ್ಟುತ್ತದೆ. ಉಂಡೆಗೆ ಸೇರಿದ ಪರಾಗ ಗಿಡದ ಪಾಲಿಗೆ ಹೋದ ಹಾಗೇ. ಮೈಕೂದಲಲ್ಲಿ ಬಾಚದೆ ಉಳಿದ ಪುಡಿ ಮಾತ್ರ ಗಿಡಕ್ಕೆ ದಕ್ಕುತ್ತದೆ. ಒಂಟಿಯಾಗಿ ಬದುಕುವ ಎಷ್ಟೋ ಕಾಡುಜೇನುಗಳು ಪರಾಗವನ್ನು ಹೊಟ್ಟೆಯ ಅಡಿಯ ಕೂದಲಲ್ಲಿ ಒಣಪುಡಿಯಾಗಿಯೇ ಹೊರುತ್ತವೆ. ಹೂವಿನ ಮೇಲೆ ಧಪ್ಪನೆ ಇಳಿದಾಗ ಅದು ಎಲ್ಲೆಡೆ ಉದುರುತ್ತದೆ.

ಎರಡು, ಮೇವಿನ ಬೆಳೆ ಲೂಸರ್ನ್ ನೋಡಿ. ಅದರ ಹೂವಿನ ಕೇಸರಕಂಬ ಬಿಗಿದ ಸ್ಪ್ರಿಂಗಿನಂತೆ ಇರುತ್ತದೆ. ಹುಳ ಒತ್ತಿದರೆ ಚಿಮ್ಮಿ ಅದರ ತಲೆಗೆ ಬಡಿಯುತ್ತದೆ, ಪರಾಗ ಅಂಟುತ್ತದೆ. ಒಂದೆರಡು ಸಲ ಏಟು ತಿಂದ ಸಾಕುಜೇನು ಪಕ್ಕದ ಸಂದಿಯಿಂದ ಮಕರಂದ ಹೀರಲು ಕಲಿತುಬಿಡುತ್ತದೆ. ಆಮೇಲೆ ಎಷ್ಟು ಸಲ ಬಂದರೂ ಆ ಹೂವಿಗೆ ಲಾಭ ಇಲ್ಲ. ಅದಕ್ಕೇ ಲೂಸರ್ನ್ ಬೀಜ ಬೆಳೆಯುವವರು ಎಲೆ ಕತ್ತರಿಸಿ ಗೂಡು ಕಟ್ಟುವ ಒಂಟಿ ಜೇನನ್ನು ಸಾಕುತ್ತಾರೆ.

ಮೂರನೆಯದು ನಿಮ್ಮ ಕುಂಬಳಕ್ಕೆ ತೀರಾ ಹತ್ತಿರದ್ದು. ಹೈಬ್ರಿಡ್ ಸೂರ್ಯಕಾಂತಿಯ ಬೀಜ ಬೆಳೆಯುವಾಗ ಗಂಡು ಸಾಲು ಬೇರೆ, ಹೆಣ್ಣು ಸಾಲು ಬೇರೆ. ಸಾಕುಜೇನುಗಳು ತಮಗೆ ಬೇಕಾದ ಒಂದೇ ಬಗೆಯ ಸಾಲಿನಲ್ಲಿ ಆರಾಮವಾಗಿ ಮೇಯುತ್ತಿರುತ್ತವೆ. ಸಾರಾ ಗ್ರೀನ್‌ಲೀಫ್ ಮತ್ತು ಕ್ಲೇರ್ ಕ್ರೆಮೆನ್ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕಂಡದ್ದು ಏನೆಂದರೆ, ಕಾಡುಜೇನು ಬಂದು ಅಡ್ಡ ಸಿಕ್ಕಾಗ ಸಾಕುಜೇನು ಅಲ್ಲಿಂದ ಎದ್ದು ಬೇರೆ ಸಾಲಿಗೆ ಹಾರುತ್ತದೆ. ಅಷ್ಟರಿಂದಲೇ ಸಾಕುಜೇನಿನ ಪರಾಗಸ್ಪರ್ಶದ ಸಾಮರ್ಥ್ಯ ಐದು ಪಟ್ಟಿನವರೆಗೂ ಏರಿತ್ತು. ಇದು 2006ರ ಅಧ್ಯಯನ. ಕಾಡುಜೇನು ತಾನಾಗಿ ಹೊತ್ತ ಪರಾಗಕ್ಕಿಂತ, ಬೇರೆಯವರನ್ನು ಎಬ್ಬಿಸಿ ಓಡಿಸಿದ್ದರಿಂದ ಆದ ಲಾಭವೇ ದೊಡ್ಡದು.

2013ರಲ್ಲಿ ಲೂಕಾಸ್ ಗರಿಬಾಲ್ಡಿ ಮತ್ತು ಜೊತೆಗಾರರು ಜಗತ್ತಿನ 41 ಬೆಳೆ ವ್ಯವಸ್ಥೆಗಳ 600 ಹೊಲಗಳ ಮಾಹಿತಿ ಕೂಡಿಸಿ ನೋಡಿದರು. ಕಾಡುಕೀಟಗಳ ಭೇಟಿ ಹೆಚ್ಚಿದಾಗ ಕಾಯಿ ಕಚ್ಚುವುದು ಎಷ್ಟು ಹೆಚ್ಚಿತೋ, ಸಾಕುಜೇನಿನ ಭೇಟಿ ಅಷ್ಟೇ ಹೆಚ್ಚಿದಾಗ ಅದರ ಅರ್ಧದಷ್ಟು ಮಾತ್ರ ಹೆಚ್ಚಿತು.

ಜೇನುಪೆಟ್ಟಿಗೆ

ಸೂರ್ಯಕಾಂತಿಯ ವಿಷಯ ನನಗೆ ಗೊತ್ತಿರಲಿಲ್ಲ. ಯೋಚಿಸಿದರೆ ಸರಿ ಅನಿಸುತ್ತದೆ. ನನ್ನ ಜೇನುಗಳೂ ಒಂದೇ ಮರದಲ್ಲಿ ಗಂಟೆಗಟ್ಟಲೆ ಇರುವುದನ್ನು ನೋಡಿದ್ದೇನೆ. ಪಕ್ಕದ ಮರದತ್ತ ತಿರುಗಿಯೂ ನೋಡುವುದಿಲ್ಲ. ಪೆಟ್ಟಿಗೆ ಇಟ್ಟರೂ ಕಾಡುಜೇನು ಬೇಕು ಎನ್ನುವುದನ್ನು ಒಪ್ಪುತ್ತೇನೆ.

ಮುಸ್ಸಂಜೆ

ಎಲ್ಲರೂ ಜೇನಿನ ಸುತ್ತಲೇ ಸುತ್ತುತ್ತಿದ್ದೀರಿ. ಜೇನಲ್ಲದವರ ಬಗ್ಗೆಯೂ ಸ್ವಲ್ಪ ಮಾತಾಡೋಣ. 2016ರಲ್ಲಿ ರೊಮಿನಾ ರೇಡರ್ ಮತ್ತು ಸಂಗಡಿಗರು 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬೆಳೆಗಳ ಹೂವಿಗೆ ಆಗುವ ಭೇಟಿಗಳಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ನೊಣ, ಜೀರುಂಡೆ, ಚಿಟ್ಟೆ, ಪತಂಗ, ಕಣಜಗಳದ್ದು. ಭೇಟಿಗೊಂದಕ್ಕೆ ಇವರ ಕೆಲಸ ಜೇನಿಗಿಂತ ಕಡಿಮೆ, ಆದರೆ ಭೇಟಿ ಜಾಸ್ತಿ ಇರುವುದರಿಂದ ಲೆಕ್ಕ ಸರಿದೂಗುತ್ತದೆ.

ಚಾಕೊಲೇಟ್ ಕೊಡುವ ಕೋಕೋ ಮರವನ್ನೇ ನೋಡಿ. ಅದರ ಹೂವಿನ ಕೆಲಸ ಮುಖ್ಯವಾಗಿ ಗುಂಗಾಡಿನಷ್ಟು ಸಣ್ಣ ನೊಣಗಳ ಪಾಲು. ಎಣ್ಣೆತಾಳೆಯ ಕಥೆ ಇನ್ನೂ ದೊಡ್ಡದು. ಮಲೇಷ್ಯಾದ ತೋಟಗಳಲ್ಲಿ ಕೂಲಿಯವರು ಕೈಯಿಂದ ಪರಾಗ ಹಾಕುತ್ತಿದ್ದರು, ಗಾಳಿ ಸಾಕಾಗುತ್ತಿಲ್ಲ ಎಂದುಕೊಂಡು. ಆ ಮರದ ತವರು ಪಶ್ಚಿಮ ಆಫ್ರಿಕಾ. ಅಲ್ಲಿ ಆ ಕೆಲಸವನ್ನು ಒಂದು ಪುಟ್ಟ ಮೂತಿಹುಳ ಮಾಡುತ್ತಿತ್ತು. 1981ರಲ್ಲಿ ಕ್ಯಾಮರೂನಿನಿಂದ ಅದನ್ನು ತಂದು ಬಿಟ್ಟರು. ಕೈಪರಾಗದ ಕೆಲಸವೇ ನಿಂತುಹೋಯಿತು. ಮರವನ್ನು ಖಂಡ ದಾಟಿಸಿದವರು ಅದರ ಹುಳವನ್ನು ಅಲ್ಲೇ ಮರೆತು ಬಂದಿದ್ದರು!

ಇನ್ನು ರಾತ್ರಿ. ಕತ್ತಲಾದ ಮೇಲೆ ಹೂವಿನ ಬಳಿ ಯಾರು ಬರುತ್ತಾರೆ ಎಂದು ನೋಡುವವರೇ ಕಡಿಮೆ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ಎವಾ ಕ್ನೋಪ್ ಅವರ ತಂಡ ಕೆಲವು ಕಡೆ ಬೀದಿದೀಪ ನಿಲ್ಲಿಸಿತು, ಕೆಲವು ಕಡೆ ಕತ್ತಲನ್ನೇ ಬಿಟ್ಟಿತು. ದೀಪ ಇದ್ದಲ್ಲಿ ರಾತ್ರಿಯ ಭೇಟಿಗಳು 62% ಕಡಿಮೆ. ಅವರು ಆರಿಸಿಕೊಂಡ ಒಂದು ಮುಳ್ಳುಗಿಡದಲ್ಲಿ ಕಾಯಿ ಕಚ್ಚುವುದೂ 13% ಇಳಿಯಿತು. ಹಗಲಿಡೀ ಆ ಗಿಡಕ್ಕೆ ಬೇಕಾದಷ್ಟು ಹುಳ ಬಂದಿದ್ದವು, ಆದರೂ ರಾತ್ರಿಯ ನಷ್ಟ ತುಂಬಲಿಲ್ಲ. ಇದು 2017ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ದಿನವೇ ನಮ್ಮ ಅಂಗಳದ ದೀಪ ಆರಿಸಿದೆ. ಈಗಲೂ ಹಚ್ಚುವುದಿಲ್ಲ.

ಹೊಸಚಿಗುರು

ಒಂದು ಪ್ರಶ್ನೆ ಕೇಳಲಾ? ಜೇನು ನಾಶವಾದರೆ ಮನುಷ್ಯ ನಾಲ್ಕೇ ವರ್ಷ ಬದುಕುತ್ತಾನೆ ಎಂದು ಐನ್‌ಸ್ಟೈನ್ ಹೇಳಿದ್ದಾರೆ ಅಂತ ಎಲ್ಲಾ ಕಡೆ ಓದುತ್ತೇನೆ. ನಿಜವಾ?

ಸೂಕ್ಷ್ಮನೋಟ

ಐನ್‌ಸ್ಟೈನ್ ಹಾಗೆ ಹೇಳಿದರು ಎನ್ನಲು ಆಧಾರ ಇಲ್ಲ. ಮಾತೂ ಸರಿಯಲ್ಲ. ಭತ್ತ, ಗೋಧಿ, ಜೋಳ ಇವಕ್ಕೆ ಕೀಟ ಬೇಡ. ಗೋಧಿ, ಭತ್ತ ತಮ್ಮ ಪರಾಗದಲ್ಲೇ ಕಾಳು ಕಟ್ಟುತ್ತವೆ, ಮೆಕ್ಕೆಜೋಳಕ್ಕೆ ಗಾಳಿ ಸಾಕು.

ನಿಜವಾದ ಲೆಕ್ಕವೇ ಸಾಕಷ್ಟು ಗಂಭೀರವಾಗಿದೆ, ಉತ್ಪ್ರೇಕ್ಷೆ ಯಾಕೆ? ಜಗತ್ತಿನ 115 ಮುಖ್ಯ ಆಹಾರ ಬೆಳೆಗಳಲ್ಲಿ 87 ಬೆಳೆಗಳ ಕಾಯಿ, ಬೀಜಕ್ಕೆ ಪ್ರಾಣಿಗಳ ಪರಾಗಸ್ಪರ್ಶದಿಂದ ಲಾಭ ಇದೆ ಎಂದು 2007ರಲ್ಲಿ ಅಲೆಕ್ಸಾಂಡ್ರಾ ಕ್ಲೈನ್ ಮತ್ತಿತರರು ತೋರಿಸಿದರು. ತೂಕದ ಲೆಕ್ಕದಲ್ಲಿ ಈ ಬೆಳೆಗಳ ಪಾಲು 35%. ಹಣ್ಣು, ತರಕಾರಿ, ಎಣ್ಣೆಕಾಳು, ಬೀಜಗಳು ಇದರಲ್ಲಿ ಜಾಸ್ತಿ. ಹಸಿವಿನಿಂದ ಸಾಯುವುದಿಲ್ಲ, ಆದರೆ ತಟ್ಟೆ ಬಡವಾಗುತ್ತದೆ. ಕಾಡಿನ ಲೆಕ್ಕ ಇನ್ನೂ ದೊಡ್ಡದು. ಹೂಬಿಡುವ ಸಸ್ಯಗಳಲ್ಲಿ ಸುಮಾರು 87.5% ಪ್ರಾಣಿಗಳನ್ನು ಅವಲಂಬಿಸಿವೆ ಎಂದು 2011ರ ಅಂದಾಜು.

ಬೆಳಗಿನಮಂಜು

ಟೊಮೆಟೊ ಬೆಳೆಸುವವರಿಗೆ ಒಂದು ಮಾತು ಸೇರಿಸುತ್ತೇನೆ. ಟೊಮೆಟೊ, ಬದನೆ ಹೂವಿನ ಕೇಸರ ಉಪ್ಪಿನ ಡಬ್ಬಿ ಇದ್ದ ಹಾಗೆ. ತುದಿಯಲ್ಲಿ ಸಣ್ಣ ತೂತು ಅಥವಾ ಸೀಳು, ಒಳಗೆ ಪರಾಗ. ಅಲ್ಲಾಡಿಸಿದರೆ ಮಾತ್ರ ಉದುರುತ್ತದೆ. ಬಂಬಲ್‌ಬೀ ಎಂಬ ದಪ್ಪ ರೋಮದ ಜೇನು, ಬಡಗಿ ದುಂಬಿ, ನೀಲಿಪಟ್ಟೆಯ ಜೇನು ಹೂವನ್ನು ಬಿಗಿಯಾಗಿ ಹಿಡಿದು, ರೆಕ್ಕೆ ಬೀಸದೆ, ಹಾರುವ ಸ್ನಾಯುಗಳನ್ನು ಮಾತ್ರ ಜೋರಾಗಿ ಅದುರಿಸುತ್ತವೆ. ಸಾಕುಜೇನಿಗೆ ಇದು ಬರುವುದಿಲ್ಲ. ಹಾರುವಾಗಿನ ಸದ್ದು ಬೇರೆ, ಅದುರಿಸುವ ಸದ್ದು ಬೇರೆ. ಎರಡನೆಯದು ಹೆಚ್ಚು ಕೀರಲು. ಗಿಡದ ಹತ್ತಿರ ಕಣ್ಣು ಮುಚ್ಚಿ ಕೂತರೂ ಕೆಲಸ ನಡೆಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಹಿತ್ತಿಲಗಿಡ

ನಾಲ್ಕು ದಿನದ ಸುದ್ದಿ. ಈಗ ಬೆಳಿಗ್ಗೆ ಆರಕ್ಕೆ ಮುಂಚೆಯೇ ಬಳ್ಳಿ ಹತ್ತಿರ ಇರುತ್ತೇನೆ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಪುಟ ಮಾಡಿದ್ದೇನೆ.

ನೀವು ಹೇಳಿದ್ದು ಸರಿ. ಆ ಪುಟ್ಟ ಕಪ್ಪು ಜೇನುಗಳು ಬಹುತೇಕ ಗಂಡು ಹೂವಿನಲ್ಲೇ ಇರುತ್ತವೆ. ಕಾಲಲ್ಲಿ ಹಳದಿ ಉಂಡೆ. ಹೆಣ್ಣು ಹೂವಿಗೆ ಬಂದದ್ದು ನಾಲ್ಕು ದಿನದಲ್ಲಿ ಬೆರಳೆಣಿಕೆಯಷ್ಟು. ಬಂದರೂ ಎಸಳಿನ ಅಂಚಿನಲ್ಲಿ ಕೂತು ಹೋದವು. ಶಲಾಕೆಗೆ ತಾಗಲಿಲ್ಲ.

ಆದರೆ ಆರೂಕಾಲರ ಹೊತ್ತಿಗೆ ಒಂದು ದೊಡ್ಡ ಕಪ್ಪು ದುಂಬಿ ಬರುತ್ತದೆ. ಗುಂಯ್ ಎಂದು ಬಂದು ಗಂಡು ಹೂವಿನ ಆಳಕ್ಕೆ ಇಳಿದು, ಮೈಯೆಲ್ಲ ಹಳದಿ ಮಾಡಿಕೊಂಡು ಏಳುತ್ತದೆ. ಹೆಣ್ಣು ಹೂವಿಗೂ ಹಾಗೇ ನುಗ್ಗುತ್ತದೆ. ದಿನಕ್ಕೆ ಎರಡೋ ಮೂರೋ ಸಲ ಮಾತ್ರ. ಏಳು ಗಂಟೆಯ ಮೇಲೆ ಒಮ್ಮೆಯೂ ಕಾಣಲಿಲ್ಲ. ನಾನು ಎಂಟೂವರೆಗೆ ಹೋಗುತ್ತಿದ್ದೆ!

ಚೀಲ, ದಾರ ಎಲ್ಲಾ ಕಟ್ಟಿದ್ದೇನೆ. ಫಲಿತಾಂಶಕ್ಕೆ ಕಾಯುತ್ತಿದ್ದೇನೆ.

ಸೂಕ್ಷ್ಮನೋಟ

ಓದಿ ಬಹಳ ಖುಷಿಯಾಯಿತು. ಒಂದು ಎಚ್ಚರಿಕೆ: ಪುಟ್ಟ ಜೇನು ಯಾವತ್ತೂ ಕುಂಬಳಕ್ಕೆ ಕೆಲಸ ಮಾಡುವುದಿಲ್ಲ ಎಂದು ತೀರ್ಮಾನ ಮಾಡಬೇಡಿ. ಗೂಡಿಗೆ ಮಕರಂದ ಬೇಕಾದ ದಿನ ಅವೇ ಹೆಣ್ಣು ಹೂವಿಗೂ ಹೋಗಬಹುದು. ನಿಮ್ಮ ಮಾತು ಈ ನಾಲ್ಕು ದಿನಕ್ಕೆ, ಈ ಬಳ್ಳಿಗೆ ಸತ್ಯ.

ದೊಡ್ಡ ದುಂಬಿಯ ಬಗ್ಗೆ ಕೇಳಿ ಉತ್ತರ ಅಮೆರಿಕದ ಕುಂಬಳಜೇನು ನೆನಪಾಯಿತು. ಅದು ಕುಂಬಳದ ಹೂವಿಗೇ ಮೀಸಲಾದ ಒಂಟಿ ಜೇನು. ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಇಳಿಯುತ್ತದೆ, ಗಂಡು ಜೇನುಗಳು ಮುದುಡಿದ ಹೂವಿನೊಳಗೇ ಮಲಗುತ್ತವೆ. ಮೆಕ್ಸಿಕೋ ಕಡೆಯಿಂದ ಕುಂಬಳದ ಬೇಸಾಯ ಉತ್ತರಕ್ಕೆ ಹರಡಿದ ಹಾಗೇ ಈ ಜೇನೂ ಹಿಂದೆಯೇ ಹರಡಿತು ಎಂದು 2016ರಲ್ಲಿ ವಂಶವಾಹಿಗಳ ಅಧ್ಯಯನ ತೋರಿಸಿತು. ಇದು ನೆಲದಲ್ಲಿ ಬಿಲ ತೋಡಿ ಗೂಡು ಮಾಡುತ್ತದೆ, ಅದೂ ಕುಂಬಳದ ಹೊಲದಲ್ಲೇ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸುಸಾನ್ ವಿಲ್ಲಿಸ್ ಚಾನ್ ಮತ್ತು ನೈಜೆಲ್ ರೇನ್, ಬಿತ್ತುವಾಗ ಮಣ್ಣಿಗೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹಾಕಿದ ಬಳ್ಳಿಗಳ ಬಳಿ ಈ ಜೇನನ್ನು ಬಿಟ್ಟು ನೋಡಿದರು. ಗೂಡುಗಳು 85% ಕಡಿಮೆಯಾದವು, ಮರಿಗಳು 89% ಕಡಿಮೆಯಾದವು. ಇದು 2021ರಲ್ಲಿ ಬಂತು. ಹೂವಿಗೆ ಸಿಂಪಡಿಸದಿದ್ದರೆ ಸಾಕು ಎಂದು ನಾವೆಲ್ಲ ಅಂದುಕೊಂಡಿದ್ದೆವು. ನೆಲದಲ್ಲಿ ಬದುಕುವ ಜೇನಿಗೆ ಮಣ್ಣೇ ವಿಷವಾಗಿತ್ತು.

ಹೊಸಚಿಗುರು

ಹುಳ ಕಡಿಮೆಯಾದರೆ ಗಿಡಗಳು ಸುಮ್ನೆ ಇರುತ್ತವಾ? ಅವೂ ಬೇರೆ ದಾರಿ ಹುಡುಕಿಕೊಳ್ಳಬಹುದಲ್ವಾ?

ಸೂಕ್ಷ್ಮನೋಟ

ಹುಡುಕಿಕೊಳ್ಳುತ್ತಿವೆ. ಈ ಪ್ರಶ್ನೆಗೆ ಎರಡು ಉತ್ತರ ಇವೆ, ಎರಡೂ ನನ್ನನ್ನು ಕಾಡಿವೆ.

ಜ್ಯೂರಿಕ್‌ನಲ್ಲಿ ಡೇನಿಯಲ್ ಗೆರ್ವಾಸಿ ಮತ್ತು ಫ್ಲೋರಿಯನ್ ಶೀಸ್ಟ್ಲ್ ಸಾಸಿವೆ ಜಾತಿಯ ಗಿಡಗಳನ್ನು ಗುಂಪು ಮಾಡಿದರು. ಒಂದು ಗುಂಪಿಗೆ ಬಂಬಲ್‌ಬೀ ಮಾತ್ರ, ಇನ್ನೊಂದಕ್ಕೆ ಹೂನೊಣ ಮಾತ್ರ ಬಿಟ್ಟರು. ಹೀಗೇ ತಲೆಮಾರಿನ ಮೇಲೆ ತಲೆಮಾರು. ಹನ್ನೊಂದನೆಯ ತಲೆಮಾರಿಗೆ ಬರುವಷ್ಟರಲ್ಲಿ ಬಂಬಲ್‌ಬೀ ಗುಂಪಿನ ಗಿಡಗಳು ಎತ್ತರವಾಗಿದ್ದವು, ಹೂವಿನ ಪರಿಮಳ ಹೆಚ್ಚಿತ್ತು. ಹೂನೊಣದ ಗುಂಪು ಗಿಡ್ಡವಾಗಿತ್ತು, ಪರಿಮಳ ಕಡಿಮೆ, ಮತ್ತು ತನ್ನದೇ ಪರಾಗದಿಂದ ಬೀಜ ಕಟ್ಟುವುದು ಹೆಚ್ಚಾಗಿತ್ತು. ಸಾವಿರಾರು ವರ್ಷ ಬೇಕಾಗಲಿಲ್ಲ. ಹುಳ ಬದಲಾದರೆ ಹೂವೇ ಬದಲಾಗುತ್ತದೆ.

ಇದು ಹಸಿರುಮನೆಯ ಪ್ರಯೋಗ. ಎರಡನೆಯದು ಬಯಲಿನದು. ಪ್ಯಾರಿಸ್ ಸುತ್ತಲಿನ ಹೊಲಗಳಲ್ಲಿ ಬೆಳೆಯುವ ಒಂದು ಪುಟ್ಟ ಕಾಡು ಪ್ಯಾನ್ಸಿ ಹೂವು. ಇಪ್ಪತ್ತು ಮೂವತ್ತು ವರ್ಷ ಹಿಂದೆ ಕೂಡಿಟ್ಟಿದ್ದ ಅದರ ಬೀಜವನ್ನು ಫ್ರೆಂಚ್ ವಿಜ್ಞಾನಿಗಳು ಮೊಳೆಯಿಸಿದರು. ಅದೇ ಜಾಗಗಳ ಈಗಿನ ಬೀಜವನ್ನೂ ಪಕ್ಕದಲ್ಲೇ ಬೆಳೆಸಿದರು. ಒಂದೇ ಮಣ್ಣು, ಒಂದೇ ನೀರು. ಈಗಿನ ಹೂಗಳು 10% ಚಿಕ್ಕದಾಗಿದ್ದವು, ಮಕರಂದ 20% ಕಡಿಮೆ. ಬಂಬಲ್‌ಬೀಗಳೂ ಹಳೆಯ ಹೂಗಳನ್ನೇ ಹೆಚ್ಚು ಇಷ್ಟಪಟ್ಟವು. ಬಾರದ ಅತಿಥಿಗೆ ಯಾಕೆ ಅಡುಗೆ ಮಾಡಲಿ ಎಂದು ಗಿಡ ಕೈಚೆಲ್ಲುತ್ತಿದೆ. ಮಕರಂದ ಕಡಿಮೆಯಾದರೆ ಉಳಿದ ಹುಳಗಳಿಗೂ ಹಸಿವು. ಹುಳ ಇನ್ನೂ ಕಡಿಮೆ, ಆಗ ಮಕರಂದ ಇನ್ನೂ ಕಡಿಮೆ. ಈ ಸುತ್ತಿನಿಂದ ಹೊರಗೆ ಬರುವುದು ಸುಲಭ ಅಲ್ಲ.

ಮುಸ್ಸಂಜೆ

ತನ್ನ ಪರಾಗವನ್ನೇ ನೆಚ್ಚಿಕೊಂಡ ಗಿಡಕ್ಕೆ ಆ ಕ್ಷಣಕ್ಕೆ ಬೀಜ ಸಿಗುತ್ತದೆ. ಆದರೆ ಹೊಸ ರಕ್ತ ಬರುವುದಿಲ್ಲ. ರೋಗ ಬಂದಾಗ, ಹವೆ ಬದಲಾದಾಗ ಎದುರಿಸುವ ಬಗೆಬಗೆಯ ಗುಣಗಳು ಕಡಿಮೆಯಾಗುತ್ತಾ ಹೋಗುತ್ತವೆ. ನನಗೆ ಭಯ ಇರುವುದು ಅಲ್ಲಿ.

ಹಿತ್ತಿಲಗಿಡ

ಫಲಿತಾಂಶ ಬಂತು. ಎಲ್ಲಾ ಗುಂಪಿನಲ್ಲೂ ಆರಾರು ಹೆಣ್ಣು ಹೂ.

ಚೀಲ ಕಟ್ಟಿದ ಆರರಲ್ಲಿ ಒಂದೂ ಕಚ್ಚಲಿಲ್ಲ. ಹಾಗೇ ಬಿಟ್ಟ ಆರರಲ್ಲಿ ಒಂದು ಉಳಿದಿದೆ. ಕೈಯಿಂದ ಪರಾಗ ಕೊಟ್ಟ ಆರರಲ್ಲಿ ಐದು ಗಟ್ಟಿಯಾಗಿ ನಿಂತಿವೆ, ಮುಷ್ಟಿ ಗಾತ್ರ ದಾಟಿವೆ. ಗೊಬ್ಬರ ಬದಲಿಸಿಲ್ಲ, ನೀರೂ ಅಷ್ಟೇ. ಅಂದರೆ ಬಳ್ಳಿಯ ತಪ್ಪಲ್ಲ.

ಉಳಿದ ಆ ಒಂದರ ಕಥೆ ಹೇಳಬೇಕು. ಪುಸ್ತಕ ತೆರೆದು ಅವತ್ತಿನ ಪುಟ ನೋಡಿದೆ. ಹಾಗೇ ಬಿಟ್ಟ ಆರು ಹೂಗಳಲ್ಲಿ ದೊಡ್ಡ ದುಂಬಿ ಎರಡು ಸಲ ನುಗ್ಗಿದ್ದು ಅದೊಂದಕ್ಕೆ ಮಾತ್ರ.

ಜೇನುಪೆಟ್ಟಿಗೆ

ಓದಿ ರೋಮಾಂಚನವಾಯಿತು. ನಿಜವಾಗಿ.

ಆ ದುಂಬಿ ಎಲ್ಲಿಂದ ಬರುತ್ತದೆ ಎಂದು ನೋಡಿದಿರಾ? ದೊಡ್ಡದು, ಕಪ್ಪು, ಗುಂಯ್ ಸದ್ದು ಅಂದರೆ ಬಡಗಿ ದುಂಬಿಯೇ ಇರಬೇಕು. ಒಣಮರದಲ್ಲಿ ಬೆರಳು ತೂರುವಷ್ಟು ದುಂಡನೆಯ ತೂತು ಕೊರೆದು ಗೂಡು ಮಾಡುತ್ತದೆ. ತೂತಿನ ಕೆಳಗೆ ಮರದ ಹೊಟ್ಟು ಬಿದ್ದಿರುತ್ತದೆ.

ಹಿತ್ತಿಲಗಿಡ

ಈಗಷ್ಟೇ ಹೋಗಿ ನೋಡಿ ಬಂದೆ. ಬೇಲಿಯ ಮೂಲೆಯಲ್ಲಿ ಒಂದು ಒಣ ಕೊರಡು ಇದೆ. ಅದರಲ್ಲಿ ಮೂರು ದುಂಡನೆಯ ತೂತು, ಕೆಳಗೆ ಹೊಟ್ಟು. ಹೋದ ತಿಂಗಳು ಅದನ್ನು ಕಿತ್ತು ಸೌದೆ ಮಾಡಬೇಕು ಎಂದುಕೊಂಡು, ಕೊಡಲಿ ಸಿಗದೆ ಬಿಟ್ಟಿದ್ದೆ.

ಇವತ್ತು ಸಂಜೆ ಐದು ಹೆಣ್ಣು ಮೊಗ್ಗಿಗೆ ಚೀಲ ಕಟ್ಟಿದ್ದೇನೆ. ನಾಳೆ ಬೆಳಿಗ್ಗೆ ಒಂದೊಂದಾಗಿ ಬಿಚ್ಚಿ, ದುಂಬಿ ಒಂದೇ ಸಲ ಬಂದು ಹೋದ ತಕ್ಷಣ ಮತ್ತೆ ಮುಚ್ಚುತ್ತೇನೆ. ಒಂದು ಭೇಟಿ ಸಾಕಾ, ಎರಡು ಬೇಕಾ ಎಂದು ನೋಡಬೇಕು. ಸೂಕ್ಷ್ಮನೋಟ ಅವರೇ, ಚೀಲ ಬಿಚ್ಚಿದ ಮೇಲೆ ಎಷ್ಟು ದೂರ ಕೂರಬೇಕು? ನನ್ನ ನೆರಳು ಬಿದ್ದರೆ ಅದು ಬರಲ್ವಾ?

ಸೂಕ್ಷ್ಮನೋಟ

ಎರಡು ಮೀಟರ್ ದೂರ ಸಾಕು. ಸೂರ್ಯನಿಗೆ ಎದುರಾಗಿ ಕೂರಿ, ಆಗ ನೆರಳು ನಿಮ್ಮ ಹಿಂದೆ ಬೀಳುತ್ತದೆ. ಅಲ್ಲಾಡಬೇಡಿ. ಗಡಿಯಾರ ಕೈಯಲ್ಲಿರಲಿ, ಎಷ್ಟು ಸೆಕೆಂಡ್ ಹೂವಿನೊಳಗೆ ಇತ್ತು ಎಂದು ಬರೆದುಕೊಳ್ಳಿ. ಅದಕ್ಕೂ ಮೊದಲು ಗಂಡು ಹೂವಿಗೆ ಹೋಗಿತ್ತಾ ಎನ್ನುವುದನ್ನೂ ಬರೆಯಿರಿ. ಅದು ಎಲ್ಲಕ್ಕಿಂತ ಮುಖ್ಯ.